ತಳ ಕೊರೆಯದ ದೋಣಿ

ಮೊನ್ನೆ ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಹರಳೆಣ್ಣೆ ಬಿಸಿ ಮಾಡುತ್ತಿದ್ದರು. ವಾಸನೆ ಕಿಟಕಿಯಿಂದ ನಮ್ಮ ಹಜಾರಕ್ಕೆ ಬಂತು. ನನ್ನ ವಯಸ್ಸಿನವರಿಗೆ ಹರಳೆಣ್ಣೆ ಎಂದರೆ ಹಬ್ಬದ ಎಣ್ಣೆನೀರು ನೆನಪಾಗಬೇಕು, ಇಲ್ಲವೇ ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸಿದ ಭೇದಿ ಔಷಧಿ. ನನಗೆ ನೆನಪಾದದ್ದು ಕೊಚ್ಚಿಯ ಒಂದು ಹಾಯಿದೋಣಿಯ ಹೊಟ್ಟೆ. ಅದರೊಳಗೆ ಮಂಡಿಯೂರಿ, ಸೆರಗನ್ನು ಸೊಂಟಕ್ಕೆ ಬಿಗಿದು, ಬೆಚ್ಚಗಿನ ಎಣ್ಣೆಯನ್ನು ಒಂದು ಪೆಟ್ಟಿಗೆಗೆ ಹೊಯ್ಯುತ್ತ ಕಳೆದ ಬೇಸಿಗೆ.

ಆಗ ನನಗೆ ಇಪ್ಪತ್ತನಾಲ್ಕು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಕಡಲ ತಳ ಅಳೆದು ನಕ್ಷೆ ಮಾಡುವ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಕಚೇರಿ ಇದ್ದದ್ದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಎರ್ನಾಕುಳಂನ ಹೆಂಗಸರ ಹಾಸ್ಟೆಲಿನಿಂದ ದಿನಾ ಫೆರಿ ಹತ್ತಿ ಹೋಗುತ್ತಿದ್ದೆ. ಕಾವೇರಿ ಬಿಟ್ಟರೆ ಬೇರೆ ನೀರು ಕಂಡವಳಲ್ಲ, ಈಜು ಬರುತ್ತಿರಲಿಲ್ಲ. ಫೆರಿಯಲ್ಲಿ ಮೊದಮೊದಲು ಕಂಬ ಬಿಗಿಹಿಡಿದು ನಿಲ್ಲುತ್ತಿದ್ದೆ. ಒಂದೂವರೆ ವರ್ಷದಲ್ಲಿ ಮಲಯಾಳಂ ಬಂತು, ಕೆಂಪಕ್ಕಿ ಅನ್ನ ಒಗ್ಗಿತು. ಕಂಬ ಹಿಡಿಯುವುದು ಮಾತ್ರ ಬಿಡಲಿಲ್ಲ.

ನಮ್ಮ ಮುಖ್ಯಸ್ಥರು ಈಶ್ವರ ಭಟ್ರು. ಸಣಕಲು ಆಳು, ಮಾತು ಕಡಿಮೆ, ಕಾಸರಗೋಡಿನ ಕಡೆಯವರು. ಕಾಸರಗೋಡು ಕೇರಳಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕೇರಳಕ್ಕೆ ಬಂದು ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ, ಬಂದದ್ದು ತಾನಲ್ಲ, ತನ್ನ ಊರು ಎನ್ನುತ್ತಿದ್ದರು. ಕಚೇರಿಯಲ್ಲಿ ಎಲ್ಲರೊಂದಿಗೂ ಇಂಗ್ಲಿಷು. ನನ್ನ ಹತ್ತಿರ ಮಾತ್ರ ಅವರ ಕರಾವಳಿಯ ಕನ್ನಡ.

ಆ ವರ್ಷ ಫೆಬ್ರವರಿಯಲ್ಲಿ ನಮಗೆ ಹೊರದೇಶದಿಂದ ಒಂದು ಯಂತ್ರ ಬಂತು. ಎಕೋ ಸೌಂಡರ್. ಅದರ ಒಂದು ಭಾಗ ಬೂದು ಬಣ್ಣದ ಪೆಟ್ಟಿಗೆ. ಒಳಗೆ ಕಾಗದದ ಸುರುಳಿ ನಿಧಾನವಾಗಿ ಸರಿಯುತ್ತದೆ, ಸೂಜಿಯೊಂದು ಅದರ ಮೇಲೆ ಕಪ್ಪು ಗೀಟು ಎಳೆಯುತ್ತದೆ. ಇನ್ನೊಂದು ಭಾಗ ಟ್ರಾನ್ಸ್‌ಡ್ಯೂಸರ್, ತೂಕದ ಲೋಹದ ಉಂಡೆ. ಅದು ನೀರಿಗೆ ದನಿ ಕಳಿಸುತ್ತದೆ, ತಳಕ್ಕೆ ಬಡಿದು ಬಂದ ಮರುದನಿಯನ್ನು ಕೇಳಿಸಿಕೊಳ್ಳುತ್ತದೆ. ದನಿ ಹೋಗಿ ಬರಲು ಹಿಡಿದ ಹೊತ್ತಿನಿಂದ ನೀರಿನ ಆಳ ತಿಳಿಯುತ್ತದೆ. ಅಲ್ಲಿಯವರೆಗೆ ನಾವು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಇಳಿಬಿಟ್ಟು, ಮಾರು ಮಾರು ಎಣಿಸುತ್ತಿದ್ದೆವು.

ಯಂತ್ರ ಬಂದದ್ದು ವಿಳಿಂಜಂ ಕಡಲಿಗಾಗಿ. ತಿರುವನಂತಪುರದ ತೆಂಕಣಕ್ಕಿರುವ ಆ ಮೀನುಗಾರರ ಊರಿನ ಮುಂದೆ ನೀರಿನಡಿ ಬಂಡೆಗಳ ಸಾಲಿದೆ. ಪ್ರತಿ ಮಳೆಗಾಲವೂ ಒಂದೆರಡು ದೋಣಿ ಅಲ್ಲಿ ಒಡೆಯುತ್ತಿದ್ದವು. ಮಳೆ ಹಿಡಿಯುವುದರೊಳಗೆ ಅದರ ನಕ್ಷೆ ಆಗಬೇಕು, ಆಗದಿದ್ದರೆ ಯಂತ್ರ ಬೇರೆ ಕಚೇರಿಗೆ ಹೋಗುತ್ತದೆ ಎಂದು ಮೇಲಿನಿಂದ ಹೇಳಿಕಳಿಸಿದ್ದರು. ನಮ್ಮ ಎಂಜಿನ್ ದೋಣಿ ರಿಪೇರಿಗೆ ಹೋಗಿ ಮರದ ಕೊರಡಿನ ಹಾಗೆ ಬಿದ್ದಿತ್ತು. ಉಳಿದದ್ದು ಒಂದೇ, ಸ್ವಾತಂತ್ರ್ಯ ಬಂದಾಗ ಊರಿಗೆ ಹೊರಟ ಆಂಗ್ಲ ವ್ಯಾಪಾರಿಯೊಬ್ಬ ಮಾರಿಹೋಗಿದ್ದ ಹಳೆಯ ತೇಗದ ಹಾಯಿದೋಣಿ.

ಆ ದೋಣಿಯ ಜೊತೆಗೇ ಬಂದವರು ಅಂತೋಣಿ ಚೇಟ್ಟನ್. ಚೇಟ್ಟನ್ ಎಂದರೆ ಅಣ್ಣ. ಫೋರ್ಟ್ ಕೊಚ್ಚಿಯವರು, ಅರುವತ್ತರ ಹತ್ತಿರ. ಹದಿಹರೆಯದಿಂದ ಅದೇ ದೋಣಿ ನಡೆಸಿದವರು. ಅದರ ಹಾಯಿಗೆ ಅವರ ಕೈಯೊಂದೇ ಗೊತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಭಟ್ರು ಅವರನ್ನು ಕರೆಸಿ, ದೋಣಿಯ ತಳದಲ್ಲಿ ಅಂಗೈಯಗಲ ತೂತು ಕೊರೆದು ಟ್ರಾನ್ಸ್‌ಡ್ಯೂಸರನ್ನು ಕೂರಿಸಬೇಕು, ಅದರ ಮುಖ ನೀರಿಗೆ ತಾಗುವಂತಿರಬೇಕು ಎಂದು ವಿವರಿಸಿದರು. ಚೇಟ್ಟನ್ ಕೊನೆಯವರೆಗೆ ಕೇಳಿಸಿಕೊಂಡರು.

"ಕೊರೆಯಿರಿ ಸಾರೇ. ಆಮೇಲೆ ದೋಣಿ ನಡೆಸುವುದಕ್ಕೆ ಬೇರೆಯವರನ್ನು ನೋಡಿಕೊಳ್ಳಿ," ಎಂದರು.

ಸಿಟ್ಟಿರಲಿಲ್ಲ. ಟೋಪಿ ತಲೆಗಿಟ್ಟುಕೊಂಡು ಹೋಗಿಬಿಟ್ಟರು. ಸರ್ಕಾರದ ದೋಣಿ, ಸರ್ಕಾರದ ನೌಕರ, ಕೊರೆಯಬೇಕೆಂದರೆ ಕೊರೆಯಲೇಬೇಕಲ್ಲವೇ ಎಂದು ನಾನು ಕೇಳಿದೆ. ಭಟ್ರು ಮೇಜಿನ ಮೇಲಿನ ಲೋಹದ ಉಂಡೆಯನ್ನು ನೋಡುತ್ತಿದ್ದರು.

"ಅವರಿಗೆ ಕಾರಣ ಉಂಟು ಸರೋಜಮ್ಮ. ಅದನ್ನು ಅವರ ಹತ್ರ ಕೇಳುದು ಬೇಡ. ಕೊರೆಯದೆ ಆಗ್ತದಾ ನೋಡುವ."

"ಕಬ್ಬಿಣದ ತಳ ಆದ್ರೆ ಒಳಗೇ ಇಡಬಹುದು ಅಂತ ಪುಸ್ತಕದಲ್ಲಿದೆ ಸಾರ್. ಮರಕ್ಕೆ ಆಗಲ್ಲ ಅಂತಿದೆ."

"ಆಗುದಿಲ್ಲ ಅಂತ ಉಂಟಾ, ಮಾಡಿ ನೋಡಿ ಆಗ್ಲಿಲ್ಲ ಅಂತ ಉಂಟಾ?"

ಮಾರ್ಚ್ ಮುಗಿಯುವವರೆಗೆ ಸಮಯ ಕೊಟ್ಟು, ಕೆಲಸವನ್ನು ನನಗೇ ಒಪ್ಪಿಸಿದರು.

ಯೋಚನೆ ಸರಳವೇ ಆಗಿತ್ತು. ದನಿ ನೀರಿನಲ್ಲಿ ಸಾಗುತ್ತದೆ, ಎಣ್ಣೆಯಲ್ಲಿ ಸಾಗುತ್ತದೆ, ನೆನೆದ ಮರದಲ್ಲೂ ತಕ್ಕಮಟ್ಟಿಗೆ ಸಾಗುತ್ತದೆ. ಅದಕ್ಕೆ ಆಗದಿರುವುದು ಗಾಳಿ. ಕೂದಲೆಳೆಯಷ್ಟು ಗಾಳಿ ಅಡ್ಡ ಬಂದರೂ ದನಿ ಅಲ್ಲಿಂದಲೇ ಹಿಂದಿರುಗುತ್ತದೆ. ಒಣಮರದ ತುಂಬ ಗಾಳಿ, ಅದಕ್ಕೇ ಪುಸ್ತಕದವರು ಬೇಡ ಎಂದದ್ದು. ಆದರೆ ಈ ದೋಣಿಯ ಹಲಗೆಗಳು ನೀರಲ್ಲೇ ದಶಕಗಳಿಂದ ನೆಂದಿದ್ದವು. ಒಳಗಡೆ ತಳದ ಹಲಗೆಯ ಮೇಲೆ ಅಡಿಯಿಲ್ಲದ ಒಂದು ತಾಮ್ರದ ಪೆಟ್ಟಿಗೆ ಕೂರಿಸಿ, ಅಂಚಿಗೆ ಮೇಣ ಮೆತ್ತಿ, ಅದರೊಳಗೆ ಟ್ರಾನ್ಸ್‌ಡ್ಯೂಸರನ್ನು ಮುಖ ಕೆಳಗಾಗಿ ಇಳಿಸಿ, ಸುತ್ತ ಎಣ್ಣೆ ತುಂಬಿಸಿದರೆ ದನಿ ಎಣ್ಣೆಯಿಂದ ಮರಕ್ಕೆ, ಮರದಿಂದ ನೀರಿಗೆ ಇಳಿಯಬೇಕು. ದನಿ ಸಾಗಿಸುವುದರಲ್ಲಿ ನೀರಿಗೆ ಹತ್ತಿರದ ಗುಣ ಇರುವ ಎಣ್ಣೆ ಹರಳೆಣ್ಣೆ. ಮಟ್ಟಾಂಚೇರಿಯ ಅಂಗಡಿಯವನು, ಇಷ್ಟೊಂದು ಹರಳೆಣ್ಣೆ ಯಾರ ಹೊಟ್ಟೆಗೆ ಎಂದು ಕೇಳಿದ. ದೋಣಿಯ ಹೊಟ್ಟೆಗೆ ಎಂದೆ. ನಗಲಿಲ್ಲ, ತೂಗಿಕೊಟ್ಟ.

ದೋಣಿಯೊಳಗೆ ಬಗ್ಗಿ ಕೂರುವಷ್ಟೇ ಎತ್ತರ. ಹಳೆಯ ನೀರು, ಟಾರು, ಮೀನು ಎಲ್ಲ ಸೇರಿದ ಕಮಟು. ಗಂಟಿಲ್ಲದ, ಬಿರುಕಿಲ್ಲದ ಒಂದು ಹಲಗೆ ಹುಡುಕಿ ಪೆಟ್ಟಿಗೆ ಕೂರಿಸಿದೆ. ಚೇಟ್ಟನ್ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಒಳಗೆ ಸುತ್ತಿಗೆಯ ಸದ್ದಾದಾಗಲೆಲ್ಲ ಬಾಗಿಲಿನ ಹತ್ತಿರ ಅವರ ನೆರಳು ಕಾಣುತ್ತಿತ್ತು. ಮೊಳೆ ಹೊಡೆಯುತ್ತಿದ್ದೇನೆಯೇ ಎಂದು ನೋಡಲು ಬಂದ ನೆರಳು. ನಾನು ಒಂದೂ ಮೊಳೆ ಹೊಡೆಯಲಿಲ್ಲ, ಮರದ ಆನಿಕೆ ಕೊಟ್ಟು ಬೆಣೆ ಬಿಗಿದೆ.

ಮೊದಲ ಸಲ ಯಂತ್ರ ಹಚ್ಚಿದಾಗ ಕಾಗದದ ಮೇಲೆ ಬರೀ ಮಸಿ ಬಳಿದಂತೆ ಬಂತು. ತಳದ ಗೀಟು ಇಲ್ಲ. ಎರಡನೆಯ ಸಲವೂ ಹಾಗೇ. ಭಟ್ರು ಕಾಗದ ಹಿಡಿದು ನೋಡಿ ಮೆಟ್ಟಿಲು ಹತ್ತಿಹೋದರು. ಮಾರ್ಚ್ ಮುಗಿಯುತ್ತ ಬಂದಿತ್ತು. ಕೊನೆಗೆ ಪೆಟ್ಟಿಗೆ ತೆಗೆದು ಹಲಗೆಯ ಮೇಲೆ ಉಗುರಾಡಿಸಿದಾಗ ತಪ್ಪು ಸಿಕ್ಕಿತು. ಹಳೆಯ ಬಣ್ಣ ಪದರ ಪದರವಾಗಿ ಗುಳ್ಳೆ ಎದ್ದಿತ್ತು. ಪ್ರತಿ ಗುಳ್ಳೆಯಲ್ಲೂ ಗಾಳಿ. ಗಾಜಿನ ಚೂರಿನಿಂದ ಮರದ ಮೈ ಕಾಣುವವರೆಗೆ ಕೆರೆದೆ. ಎಣ್ಣೆಯಲ್ಲೂ ಕಣ್ಣಿಗೆ ಕಾಣದ ಗಾಳಿ ಇರುತ್ತದೆ, ಬೆಚ್ಚಗೆ ಮಾಡಿ ತುಂಬ ಹೊತ್ತು ಇಟ್ಟರೆ ಅದು ಮೇಲೆದ್ದು ಹೋಗುತ್ತದೆ. ಹಾಸ್ಟೆಲು ನಡೆಸುತ್ತಿದ್ದ ಕ್ರೈಸ್ತ ಸಿಸ್ಟರುಗಳು ಅಡುಗೆಮನೆಗೆ ಹರಳೆಣ್ಣೆ ತರಕೂಡದು ಎಂದುಬಿಟ್ಟರು.

ಎಣ್ಣೆ ಕಾಯಿಸಿಕೊಟ್ಟವರು ಅಂತೋಣಿ ಚೇಟ್ಟನ್ ಹೆಂಡತಿ ರೋಸಾ ಚೇಚ್ಚಿ, ಎಂದರೆ ರೋಸಕ್ಕ. ಅವರ ಒಲೆಯ ಮುಂದೆ ದೊಡ್ಡ ಹಂಡೆಯಲ್ಲಿ ಎಣ್ಣೆ ಇಟ್ಟುಕೊಂಡು ಇಬ್ಬರೂ ಕೂತಿದ್ದಾಗ, ನಾನು ಕೇಳದೆಯೇ ಅವರು ಆ ಕಾರಣ ಹೇಳಿದರು. ಚೇಟ್ಟನ್‌ಗೆ ಪೌಲೋಸ್ ಎಂಬ ತಮ್ಮನಿದ್ದ. ಬೇರೆಯವರ ಎಂಜಿನ್ ದೋಣಿಯಲ್ಲಿ ಕೆಲಸಕ್ಕಿದ್ದ. ಎಂಜಿನ್ ತಣಿಸಲು ನೀರೆಳೆಯುವ ಕೊಳವೆಗೆಂದು ಆ ದೋಣಿಯ ತಳದಲ್ಲಿ ತೂತು ಕೊರೆದಿದ್ದರು. ಅಲೆಯ ಹೊಡೆತಕ್ಕೆ ಕೊಳವೆಯ ಬುಡ ಕಿತ್ತುಬಂತು. ಚೇಟ್ಟನ್ ಇದೇ ಹಾಯಿದೋಣಿಯಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರು. ಗಾಳಿ ಎದುರಿಗಿತ್ತು. ಹೋಗಿ ಮುಟ್ಟುವಷ್ಟರಲ್ಲಿ ನೀರಿನ ಮೇಲೆ ಒಂದು ಹುಟ್ಟು ಬಿಟ್ಟರೆ ಏನೂ ಇರಲಿಲ್ಲ.

"ಆಮೇಲೆ ಅವರು ಇವತ್ತಿನವರೆಗೂ ಎಂಜಿನ್ ದೋಣಿ ಹತ್ತಿಲ್ಲ," ಎನ್ನುತ್ತ ರೋಸಾ ಚೇಚ್ಚಿ ಸೌದೆ ಹಿಂದಕ್ಕೆಳೆದರು. "ಫೆರಿ ಕೂಡ."

ಮೂರನೆಯ ಸಲ ಗೀಟು ಬಂತು. ಬಂದರಿನ ಕಾಲುವೆಯಲ್ಲಿ ದೋಣಿ ನಿಲ್ಲಿಸಿ ಯಂತ್ರ ಹಚ್ಚಿದರೆ, ಮಸಿಯ ಕೆಳಗೆ ತೆಳ್ಳಗೆ, ಪೆನ್ಸಿಲಿನಿಂದ ಎಳೆದಂತೆ ತಳ ಮೂಡಿತು. ಭಟ್ರು ಗುಂಡು ಇಳಿಬಿಟ್ಟು ಎಣಿಸಿದರು. ಎರಡೂ ಒಂದೇ ಲೆಕ್ಕ. ಆಳ ಹೆಚ್ಚಾದ ಕಡೆ ಮರವೇ ದನಿಯನ್ನು ನುಂಗಿಬಿಡುತ್ತಿತ್ತು, ಗೀಟು ಮಾಯವಾಗುತ್ತಿತ್ತು. ವಿಳಿಂಜಂನ ಬಂಡೆಗಳಿಗೆ ಇಷ್ಟು ಸಾಕು ಎಂದರು ಭಟ್ರು. ಚೇಟ್ಟನ್ ಒಳಗಿಳಿದು ಪೆಟ್ಟಿಗೆಯ ಸುತ್ತಲಿನ ಹಲಗೆಯನ್ನೆಲ್ಲ ಕೈಯಾಡಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು.

ಏಪ್ರಿಲಿನಲ್ಲಿ ಅವರೆಲ್ಲ ಕಡಲಿನ ಮೇಲೆ ವಿಳಿಂಜಂಗೆ ಹೋದರು. ಭಟ್ರು, ಚೇಟ್ಟನ್, ಹಗ್ಗ ಹಾಯಿ ನೋಡಿಕೊಳ್ಳುವ ಇಬ್ಬರು ಖಲಾಸಿಗಳು. ಹೆಂಗಸರನ್ನು ಕಡಲಿಗೆ ಕಳಿಸುವ ಪದ್ಧತಿ ನಮ್ಮ ಕಚೇರಿಯಲ್ಲಿರಲಿಲ್ಲ, ನಾನು ಬಸ್ಸಿನಲ್ಲಿ ಹೋದೆ. ತಿರುವನಂತಪುರದ ತಂಪಾನೂರಿನ ಹತ್ತಿರ ನನ್ನ ಸೋದರತ್ತೆ ಕಮಲತ್ತೆಯ ಮನೆ. ಮಾವ ಬ್ಯಾಂಕಿನಲ್ಲಿದ್ದರು. ನಾನು ಕನ್ನಡದಲ್ಲಿ ಕೇಳಿದರೆ ಅವರ ಮಗಳು ಮಲಯಾಳಂನಲ್ಲಿ ಉತ್ತರ ಕೊಡುತ್ತಿದ್ದಳು. ದಿನಾ ಸಂಜೆ ಬಸ್ಸಿನಲ್ಲಿ ವಿಳಿಂಜಂಗೆ ಹೋಗಿ, ದೋಣಿ ದಡಕ್ಕೆ ಬಂದಾಗ ಕಾಗದದ ಸುರುಳಿ ಇಸಿದುಕೊಂಡು ಬರುತ್ತಿದ್ದೆ. ಮರುದಿನ ಬೆಳಿಗ್ಗೆ ಅತ್ತೆಯ ಹಜಾರದ ನೆಲದ ಮೇಲೆ ಅದನ್ನು ಹಾಸಿ, ಗೀಟು ನೋಡಿ ನಕ್ಷೆ ಬರೆಯುತ್ತಿದ್ದೆ. ಕಾಣದ ತಳ ದಿನಕ್ಕಿಷ್ಟಿಷ್ಟು ನನ್ನ ಕೈಯಲ್ಲಿ ಮೂಡುತ್ತ ಹೋಯಿತು. ಬಡಗಣಕ್ಕೊಂದು ಬಂಡೆಸಾಲು, ತೆಂಕಣಕ್ಕೊಂದು. ನಡುವೆ ಮರಳು ತಳದ ಆಳವಾದ ಓಣಿ, ನೇರ ವಿಳಿಂಜಂನ ಕೊಲ್ಲಿಗೆ ಹೋಗುವಂಥದು. ಬಡಗಣ ಸಾಲು ಇಳಿಜಾರಾಗಿ ಮೆಲ್ಲಗೆ ಏರುತ್ತಿತ್ತು. ತೆಂಕಣದ್ದು ಗೋಡೆಯ ಹಾಗೆ ಒಮ್ಮೆಲೇ. ಸ್ವಲ್ಪ ದಿನದಲ್ಲಿ ಆ ನಕ್ಷೆ ನನಗೆ ಬಾಯಿಪಾಠವಾಯಿತು.

ಮೇ ತಿಂಗಳ ನಡುವಿನಲ್ಲಿ ಕಾಗದದಲ್ಲಿ ಬಿಳಿ ತೇಪೆಗಳು ಕಾಣತೊಡಗಿದವು. ಗೀಟು ಇದ್ದಕ್ಕಿದ್ದಂತೆ ಮಾಯವಾಗಿ, ಮುಂದೆಲ್ಲೋ ಮತ್ತೆ ಹುಟ್ಟುತ್ತಿತ್ತು. ಅಲ್ಲಿ ಆಳ ಹೆಚ್ಚಿರಬೇಕು ಎಂದರು ಭಟ್ರು. ನನಗೆ ಹಾಗನ್ನಿಸಲಿಲ್ಲ. ಗಾಳಿ ಜೋರಾದ ದಿನಗಳಲ್ಲೇ ತೇಪೆ ಹೆಚ್ಚು. ಗಾಳಿಗೆ ದೋಣಿ ಮಗ್ಗುಲಾದಾಗ ದನಿ ನೇರ ಕೆಳಗೆ ಹೋಗುವುದಿಲ್ಲ, ಅದೊಂದು. ಮೇಣ ಎಲ್ಲೋ ಬಿಟ್ಟು ಎಣ್ಣೆ ಇಳಿದಿದ್ದರೆ ಟ್ರಾನ್ಸ್‌ಡ್ಯೂಸರಿನ ಒಂದು ಮಗ್ಗುಲು ಗಾಳಿಗೆ ತೆರೆದುಕೊಳ್ಳುತ್ತದೆ, ಅದಿನ್ನೊಂದು. ದೋಣಿ ಸಾಗುತ್ತಿರುವಾಗಲೇ ನೋಡದೆ ಎರಡರಲ್ಲಿ ಯಾವುದೆಂದು ಹೇಳಲಾಗದು. ಬಿಳಿ ತೇಪೆಯಿದ್ದ ಜಾಗದಲ್ಲಿ ಬಂಡೆಯಿದ್ದು, ನಕ್ಷೆ ನೋಡಿ ಯಾರಾದರೂ ದೋಣಿ ತಂದರೆ ಏನು ಗತಿ ಎಂದು ಭಟ್ರನ್ನು ಕೇಳಿದೆ. ನಾನೇ ಒಂದು ದಿನ ಬರುತ್ತೇನೆ ಎಂದೆ.

ಅವರು ಕಾಗದ ಸುತ್ತಿಟ್ಟರು. "ಬನ್ನಿ. ಕೇಳುವವರಿಗೆ ನಾನು ಉತ್ತರ ಹೇಳ್ತೇನೆ. ಈಜು ಬರ್ತದಾ?"

"ಇಲ್ಲ ಸಾರ್."

"ನನಗೂ ಬರುದಿಲ್ಲ," ಎಂದರು.

ಚೇಟ್ಟನ್ ಒಳಗೆ ಯಂತ್ರದ ಪಕ್ಕದಲ್ಲಿದ್ದ ಹಗ್ಗದ ಸಿಂಬಿಗಳನ್ನು ಎತ್ತಿ, ಗೋಣಿಚೀಲ ಮಡಿಸಿ ಕೂರಲು ಜಾಗ ಮಾಡಿಟ್ಟಿದ್ದರು.

ಬೆಳಿಗ್ಗೆ ಕಡಲು ಶಾಂತವಾಗಿತ್ತು. ಎಣ್ಣೆ ಇಳಿದದ್ದು ನಿಜವೇ ಆಗಿತ್ತು. ಸೀಸೆಯಲ್ಲಿ ತಂದಿದ್ದ ಎಣ್ಣೆ ತುಂಬಿಸಿದೆ, ಮೇಣ ಬಿಟ್ಟ ಕಡೆ ಮತ್ತೆ ಮೆತ್ತಿದೆ. ಗೀಟು ಚೆನ್ನಾಗಿ ಬಂತು. ತೇಪೆಯಿದ್ದ ಜಾಗಗಳನ್ನೆಲ್ಲ ಮತ್ತೆ ಅಳೆಯುತ್ತ ಬಂಡೆಸಾಲುಗಳಿಂದಾಚೆ ದೂರ ಹೋದೆವು. ಅಳೆದದ್ದನ್ನು ತಾಳೆ ನೋಡಲು ಭಟ್ರು ಇಳಿಬಿಟ್ಟ ಗುಂಡು ಬಂಡೆಯ ಸಂದಿಗೆ ಸಿಕ್ಕಿ, ಎಳೆದಾಗ ಹಗ್ಗ ಹರಿಯಿತು. ಇನ್ನೊಂದು ಗುಂಡು ದಡದಲ್ಲಿತ್ತು. ಆಗ ಅದು ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ.

ಮಧ್ಯಾಹ್ನ ಊಟದ ಪೊಟ್ಟಣ ಬಿಚ್ಚಿದಾಗ ಚೇಟ್ಟನ್ ಪಡುವಣಕ್ಕೆ ನೋಡುತ್ತ ಕೂತರು, ತಿನ್ನಲಿಲ್ಲ. ಸುತ್ತ ಇದ್ದ ಕಟ್ಟುಮರಗಳೆಲ್ಲ ಒಂದೊಂದಾಗಿ ದಡಕ್ಕೆ ಮುಖ ಮಾಡಿದ್ದವು. ಇನ್ನೊಂದು ಸಾಲು ಅಳೆದರೆ ಕೆಲಸ ಮುಗಿಯಿತು ಎಂದು ಭಟ್ರು ಹೇಳುತ್ತಿರುವಾಗಲೇ ಚೇಟ್ಟನ್ ಎದ್ದು ಹಾಯಿಯ ಹಗ್ಗಕ್ಕೆ ಕೈಹಾಕಿದರು. ಆಕಾಶದ ಅಂಚಿನಲ್ಲಿದ್ದ ಕಪ್ಪು, ನೋಡನೋಡುತ್ತಿದ್ದಂತೆ ಎದ್ದು ಬಂತು. ಮೊದಲು ಗಾಳಿ ನಿಂತುಹೋಯಿತು. ಆಮೇಲೆ ಒಮ್ಮೆಲೇ ಬಂದು ಹೊಡೆಯಿತು.

ದೋಣಿಯನ್ನು ಹೊರಗಡಲಿಗೆ ಒಯ್ದು ಗಾಳಿ ಕಳೆಯುವವರೆಗೆ ಅಲ್ಲೇ ಇರಬೇಕೆಂದು ಚೇಟ್ಟನ್ ಯೋಚಿಸಿದ್ದರಂತೆ. ಆದರೆ ಮೊದಲ ಹೊಡೆತಕ್ಕೇ ದೊಡ್ಡ ಹಾಯಿ ಮೇಲಿಂದ ಕೆಳಗಿನವರೆಗೆ ಸೀಳಿತು. ಮುಂದಿನ ಚಿಕ್ಕ ಹಾಯಿಯೊಂದರಿಂದ ಗಾಳಿಗೆದುರಾಗಿ ಹೋಗಲು ಆಗದು. ಗಾಳಿ ನೂಕಿದ ಕಡೆಗೇ ಹೋಗಬೇಕು, ಗಾಳಿ ನೂಕುತ್ತಿದ್ದದ್ದು ಮೂಡಣದ ದಡಕ್ಕೆ. ಮಳೆ ಎಷ್ಟು ದಟ್ಟವಾಗಿತ್ತೆಂದರೆ ದಡವೂ ಕಾಣದು, ಊರಿನ ಚರ್ಚಿನ ಗೋಪುರವೂ ಕಾಣದು. ದೋಣಿಯ ಮುಂತುದಿಯೇ ಕಾಣದು.

ಚೇಟ್ಟನ್ ಬಗ್ಗಿ ನನ್ನನ್ನು ಕೇಳಿದರು. "ಮೋಳೇ, ನೀನು ಬರೆದ ಆ ಓಣಿ ಇದೆಯಲ್ಲ. ಅದರೊಳಗೆ ಇದ್ದೇವೋ ಇಲ್ಲವೋ ಹೇಳಬಲ್ಲೆಯಾ?"

ಮೋಳೇ ಎಂದರೆ ಮಗಳೇ. ಅಲ್ಲಿಯವರೆಗೆ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ. ಆಳ ನೋಡಲು ಗುಂಡೂ ಉಳಿದಿರಲಿಲ್ಲ, ಯಂತ್ರ ಗೀಟು ಕೊಟ್ಟರೆ ಹೇಳಬಲ್ಲೆ ಎಂದೆ.

ಭಟ್ರು ದಿಕ್ಸೂಚಿ ಹಿಡಿದು ಚೇಟ್ಟನ್ ಕಾಲ ಬಳಿ ಕೂತರು. ಖಲಾಸಿಗಳು ನೀರು ಮೊಗೆಯುತ್ತಿದ್ದರು. ನಾನು ಒಳಗೆ ಒಂದು ಕೈಯಿಂದ ಯಂತ್ರ ಹಿಡಿದು, ಇನ್ನೊಂದು ಕೈಯಿಂದ ಎಣ್ಣೆಯ ಪೆಟ್ಟಿಗೆಯ ಮುಚ್ಚಳ ಅದುಮಿ ಕೂತೆ. ಗಾಳಿ ಎಡಮಗ್ಗುಲಿನಿಂದ ಹೊಡೆಯುತ್ತಿತ್ತು, ದೋಣಿ ಬಲಕ್ಕೆ ವಾಲಿತ್ತು. ಕಾಗದದ ಮೇಲೆ ಬರೀ ಮಸಿ. ಬೆಳಿಗ್ಗೆ ಮೆತ್ತಿದ ಮೇಣ ಮತ್ತೆ ಬಿಟ್ಟು, ಎಣ್ಣೆ ನನ್ನ ಮಂಡಿಯ ಕೆಳಗೆ ಹರಿಯುತ್ತಿತ್ತು. ಸೀಸೆಯಲ್ಲಿ ಉಳಿದದ್ದನ್ನೂ ಸುರಿದೆ. ಆದರೂ ದೋಣಿ ವಾಲಿದ್ದರಿಂದ ಎಣ್ಣೆ ಒಂದು ಮೂಲೆಗೆ ಸರಿದು, ಟ್ರಾನ್ಸ್‌ಡ್ಯೂಸರಿನ ಅರ್ಧ ಮುಖ ಬರಿದಾಗಿತ್ತು.

"ಚೇಟ್ಟಾ, ದೋಣಿ ನೆಟ್ಟಗಾಗಬೇಕು," ಎಂದು ಕೂಗಿದೆ.

"ನೆಟ್ಟಗೆ ಮಾಡಿದರೆ ಹಾಯಿಗೆ ಗಾಳಿ ಇರುವುದಿಲ್ಲ. ಚುಕ್ಕಾಣಿ ಮಾತು ಕೇಳುವುದಿಲ್ಲ."

"ಒಂದು ಗಳಿಗೆ ಸಾಕು."

ಅವರು ಹಾಯಿಯ ಹಗ್ಗ ಸಡಿಲ ಬಿಟ್ಟರು. ಹಾಯಿ ಪಟಪಟ ಹೊಡೆದುಕೊಂಡಿತು, ದೋಣಿ ತಡವರಿಸುತ್ತ ನೆಟ್ಟಗಾಯಿತು. ಎಣ್ಣೆ ಪೆಟ್ಟಿಗೆಯಲ್ಲಿ ಸಮವಾಗಿ ಹರಡಿದ ಆ ಗಳಿಗೆ ಸೂಜಿ ಒಂದು ಗುರುತು ಹಾಕಿತು. ಎಂಟು ಮಾರು ಎಂದು ಕೂಗಿದೆ. ಮಾರು ಎಂಬ ಮಾತು ಅವರ ಭಾಷೆಯಲ್ಲೂ ಅದೇ, ನಮ್ಮಲ್ಲೂ ಅದೇ. ಚೇಟ್ಟನ್ ಹಗ್ಗ ಬಿಗಿದರು. ದೋಣಿ ವಾಲಿತು, ಗೀಟು ಹೋಯಿತು, ದೋಣಿ ಮುಂದಕ್ಕೋಡಿತು. ಮತ್ತೆ ಸಡಿಲ. ಎಂಟು ಮಾರು. ಬಿಗಿ. ಹೀಗೆ ಓಡುವಾಗ ಕುರುಡು, ನಿಂತಾಗ ಕಣ್ಣು. ನಿಂತ ಪ್ರತಿಸಲವೂ ಅಲೆ ಬಂದು ಮಗ್ಗುಲಿಗೆ ಗುದ್ದುತ್ತಿತ್ತು, ಹಲಗೆಗಳು ನರಳುತ್ತಿದ್ದವು. ಓಣಿಯಲ್ಲಿದ್ದೇವೆ ಎಂದು ನಾನು ಕೂಗುತ್ತಿದ್ದೆ.

ಆಮೇಲೆ ಏಳು ಬಂತು. ಮುಂದಿನ ಸಲ ಆರು. ಆಮೇಲೆ ಐದು. ಓಣಿ ಬಿಟ್ಟು ಯಾವುದೋ ಬಂಡೆಸಾಲಿನ ಮೇಲೇರುತ್ತಿದ್ದೆವು. ಯಾವ ಸಾಲು ಎಂದು ಯಂತ್ರ ಹೇಳುವುದಿಲ್ಲ. ಬಡಗಣದ್ದಾದರೆ ಬಲಕ್ಕೆ ತಿರುಗಬೇಕು, ತೆಂಕಣದ್ದಾದರೆ ಎಡಕ್ಕೆ. ತಪ್ಪಿದರೆ ನೇರ ಬಂಡೆಗೆ.

ಗಾಳಿ ನಮ್ಮನ್ನು ತೆಂಕಣಕ್ಕೆ ದೂಡುತ್ತಿದೆ, ಇದು ತೆಂಕಣ ಸಾಲೇ, ಎಡಕ್ಕೆ ತಿರುಗಿಸುತ್ತೇನೆ ಎಂದರು ಚೇಟ್ಟನ್. ನಲವತ್ತು ವರ್ಷ ಕಡಲಲ್ಲಿದ್ದವರ ಮಾತು. ಅಲೆ ಬಡಿಯುವ ಮೊರೆತ ಎರಡೂ ಕಡೆಯಿಂದ ಕೇಳುತ್ತಿತ್ತು, ಅದರಿಂದಲೂ ಏನೂ ತಿಳಿಯದು. ನಾನು ಕಣ್ಣು ಮುಚ್ಚಿದೆ. ಅತ್ತೆಯ ಹಜಾರದ ನೆಲದ ಮೇಲಿನ ಆ ಕಾಗದ ಕಂಡಿತು. ತೆಂಕಣ ಸಾಲು ಗೋಡೆ. ಅದಾಗಿದ್ದರೆ ಎಂಟರಿಂದ ಒಮ್ಮೆಲೇ ಮೂರಾಗಬೇಕಿತ್ತು. ಇದು ಒಂದೊಂದೇ ಮೆಟ್ಟಿಲಾಗಿ ಏರುತ್ತಿದೆ. ಗಾಳಿ ತೆಂಕಣಕ್ಕೆ ದೂಡೀತೆಂದು ಹೆದರಿ ಚೇಟ್ಟನ್ ದೋಣಿಯನ್ನು ಬಡಗಣಕ್ಕೆ ಹಿಡಿದೇ ನಡೆಸಿದ್ದರು, ಬೇಕಾದದ್ದಕ್ಕಿಂತ ಹೆಚ್ಚು ಹಿಡಿದಿದ್ದರು.

"ಬಡಗಣ ಸಾಲು ಚೇಟ್ಟಾ. ಬಲಕ್ಕೆ," ಎಂದೆ.

ಬಾಗಿಲಿನಲ್ಲಿ ಅವರ ಕಾಲು ಮಾತ್ರ ಕಾಣುತ್ತಿತ್ತು, ಹಲಗೆಗೆ ಒತ್ತಿಹಿಡಿದ ಬೆರಳುಗಳು. ಹಾಯಿ ಸಡಿಲವಾಯಿತು. ನಾಲ್ಕು ಮಾರು.

"ನಿಜವಾಗಿಯೂ ಗೊತ್ತಾ, ಮೋಳೇ?"

"ಗೊತ್ತು."

ದೋಣಿ ಬಲಕ್ಕೆ ತಿರುಗಿತು. ತಿರುಗುವಾಗ ವಾಲಿದ್ದು ಎಷ್ಟೆಂದರೆ ನಾನು ಯಂತ್ರದ ಮೇಲೆ ಬಿದ್ದೆ, ನೀರು ಬಾಗಿಲಿನಿಂದ ಒಳಗೆ ಸುರಿಯಿತು. ಆ ಹೊತ್ತಿನಲ್ಲಿ ನನಗೆ ಯಾರ ಮುಖವೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಕಾಗದದ ಬಿಳುಪೊಂದೇ ಕಂಡದ್ದು. ಚೇಟ್ಟನ್ ಹಗ್ಗ ಸಡಿಲ ಬಿಟ್ಟರು. ಗೀಟು ಬರಲಿಲ್ಲ. ಎಣ್ಣೆ ಸಾಲದಾಗಿತ್ತು. ಮೇಣ ಬಿಟ್ಟಿದ್ದ ಅಂಚಿಗೆ ಸೆರಗು ತುರುಕಿ, ಮುಂಗೈ ಒತ್ತಿಹಿಡಿದು, ನೆಲದಲ್ಲಿ ನೀರಿನೊಂದಿಗೆ ಬೆರೆತು ಓಡಾಡುತ್ತಿದ್ದ ಎಣ್ಣೆಯನ್ನೇ ಬೊಗಸೆಯಲ್ಲಿ ತುಂಬಿ ಪೆಟ್ಟಿಗೆಗೆ ಹೊಯ್ದೆ. ಇನ್ನೊಮ್ಮೆ ಬಿಡಿ ಎಂದು ಕೂಗಿದೆ. ಅವರು ಬಿಟ್ಟರು.

ಆರು ಮಾರು. ಆಮೇಲೆ ಎಂಟು. ಆಮೇಲೆ ಎಂಟರಲ್ಲೇ ನಿಂತಿತು. ಭಟ್ರು ಮೇಲಿನಿಂದ, ಎಂಟು ಎಂದೇ ಹೇಳಿದಿರಾ ಎಂದು ಕೇಳಿದರು. ಹೌದೆಂದೆ.

ಕೊಲ್ಲಿಯ ಗುಡ್ಡದ ಮರೆಗೆ ಬಂದಾಗ ಗಾಳಿ ಕತ್ತರಿಸಿದಂತೆ ನಿಂತಿತು. ಲಂಗರು ಇಳಿದ ಸದ್ದು ಕೇಳಿದ ಮೇಲೂ ನಾನು ಪೆಟ್ಟಿಗೆ ಬಿಡಲಿಲ್ಲವಂತೆ. ಖಲಾಸಿಗಳು ಇಬ್ಬರೂ ಸೇರಿ ಕೈ ಬಿಡಿಸಿದರು. ಮೊಣಕೈಯವರೆಗೆ ಎಣ್ಣೆ. ಮೆಟ್ಟಿಲು ಹತ್ತಲು ಹೋದರೆ ಜಾರುತ್ತಿತ್ತು. ದಡದಲ್ಲಿ ಮೀನುಗಾರರು ಮಳೆಯಲ್ಲೇ ನಿಂತಿದ್ದರು. ಬಡಗಣ ಸಾಲಿನ ಮೇಲಿಂದ ಬಂದಿರಾ ಎಂದು ಒಬ್ಬರು ಕೇಳಿದರು. ಭಟ್ರು ಮರಳಿನ ಮೇಲೆ ಕೂತು ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡರು. "ನಿಮ್ಮನ್ನು ಕರಕೊಂಡು ಬಂದದ್ದು ತಪ್ಪಾಯ್ತು ಅಂತ ಆಲೋಚನೆ ಮಾಡ್ತಾ ಇದ್ದೆ, ಅರ್ಧ ದಾರಿವರೆಗೆ," ಎಂದರು. ಉಳಿದರ್ಧ ಏನೆಂದು ಹೇಳಲಿಲ್ಲ.

ಮಳೆಗಾಲ ಅದರ ಹಿಂದೆಯೇ ಬಂದುಬಿಟ್ಟಿತು. ದೋಣಿಯನ್ನು ಊರವರೆಲ್ಲ ಸೇರಿ ದಡಕ್ಕೆಳೆದು ತೆಂಗಿನ ಗರಿ ಹೊದಿಸಿದರು. ಎರಡು ದಿನದ ಮೇಲೆ ತಂಪಾನೂರಿನ ಚಹದಂಗಡಿಯಲ್ಲಿ ನಾನು, ಭಟ್ರು, ಚೇಟ್ಟನ್ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಹೊರಗೆ ರಸ್ತೆ ಕಾಣದಷ್ಟು ಮಳೆ. ಚೇಟ್ಟನ್ ಮುಂದಿದ್ದ ಚಹ ಆರುತ್ತಿತ್ತು. ಇದ್ದಕ್ಕಿದ್ದಂತೆ, ಮಳೆಗಾಲ ಕಳೆದ ಮೇಲೆ ತೂತು ಕೊರೆಸಿ ಸಾರೇ ಎಂದರು.

ಭಟ್ರು ಲೋಟ ಕೆಳಗಿಟ್ಟರು. ಬಲವಂತವೇನೂ ಇಲ್ಲ, ನಕ್ಷೆ ಮುಗಿದಿದೆ, ಮುಂದಿನ ವರ್ಷ ಎಂಜಿನ್ ದೋಣಿ ಸಿಗಬಹುದು ಎಂದರು.

"ಅದಕ್ಕಲ್ಲ," ಎಂದರು ಚೇಟ್ಟನ್. "ತೂತಿದ್ದಿದ್ದರೆ ಈ ಹುಡುಗಿ ಬೊಗಸೆಯಲ್ಲಿ ಎಣ್ಣೆ ತುಂಬಬೇಕಾಗಿರಲಿಲ್ಲ. ನನ್ನ ಹೆದರಿಕೆ ನನ್ನೊಬ್ಬನದಾಗಿರಬೇಕಿತ್ತು. ಅವತ್ತು ಅದು ಐದು ಜನರದ್ದಾಯಿತು." ನನ್ನ ಕಡೆ ತಿರುಗಿದರು. "ನಿನಗೆ ರೋಸಾ ಹೇಳಿದ್ದಾಳೆ, ನನಗೆ ಗೊತ್ತು."

ನಾನು ಹೌದೆಂದೆ. ಅವರು ಚಹ ಕುಡಿದು ಮುಗಿಸಿದರು. ಬಸ್ಸು ಬರುವವರೆಗೆ ಪೌಲೋಸನ ವಿಷಯವನ್ನೇ ಮಾತಾಡಿದರು. ಅವನು ಚೆನ್ನಾಗಿ ಹಾಡುತ್ತಿದ್ದನಂತೆ, ಕುಸ್ತಿ ಆಡುತ್ತಿದ್ದನಂತೆ, ಸಾಲ ಮಾಡಿ ಒಂದು ಸೈಕಲ್ಲು ಕೊಂಡಿದ್ದನಂತೆ. ಅವನು ಹೋದ ದಿನದ ಮಾತು ಮಾತ್ರ ಬರಲಿಲ್ಲ.

ಅಕ್ಟೋಬರಿನಲ್ಲಿ ದೋಣಿ ಕೊಚ್ಚಿಗೆ ಬಂತು, ಮೇಲಕ್ಕೆಳೆದು ಕಟ್ಟೆಯ ಮೇಲೆ ನಿಲ್ಲಿಸಿದರು. ಕೊರೆಯುವ ದಿನ ನನ್ನನ್ನು ಬರಹೇಳಿದ್ದರು ಚೇಟ್ಟನ್. ಬಡಗಿ ಬೈರಿಗೆ ಹಿಡಿದು ಸಿದ್ಧನಾಗಿದ್ದ. ಚೇಟ್ಟನ್ ಅದನ್ನು ಇಸಿದುಕೊಂಡು, ಗುರುತು ಹಾಕಿದ ಜಾಗಕ್ಕೆ ತಾವೇ ಇಟ್ಟು ತಿರುಗಿಸಿದರು. ತೇಗದ ಹೊಟ್ಟು ಅವರ ಪಾದದ ಮೇಲೆ ಉದುರಿತು, ಹೊಚ್ಚಹೊಸ ಮರದ ಬಣ್ಣ ಅದಕ್ಕೆ. ನಾನು ಒಳಗಿದ್ದೆ. ಹಲಗೆ ತೂತಾದಾಗ ಆ ಕತ್ತಲೊಳಗೆ ಬೆಳಕಿನ ಕೋಲೊಂದು ನಿಂತಿತು. ಕೆಳಗಿನಿಂದ ಅವರು ಕಾಣುತ್ತಿದೆಯಾ ಎಂದು ಕೇಳಿದರು. ಕಾಣುತ್ತಿದೆ ಎಂದೆ.

ಟ್ರಾನ್ಸ್‌ಡ್ಯೂಸರ್ ಕೂರಿಸಿ, ಸುತ್ತ ತೊಗಲಿನ ಬಳೆಯಿಟ್ಟು ಬಿಗಿದು, ಮತ್ತೆ ಎರಡು ದಿನ ಬಿಟ್ಟು ದೋಣಿಯನ್ನು ನೀರಿಗಿಳಿಸಿದರು. ಮೂವರೂ ಒಳಗೆ ಅದರ ಸುತ್ತ ಕುಕ್ಕರುಗಾಲಲ್ಲಿ ಕೂತೆವು. ನೀರು ಹೊರಗಿನಿಂದ ಹಲಗೆಗಳನ್ನು ನೆಕ್ಕುವ ಸದ್ದು ಕೇಳುತ್ತಿತ್ತು. ಚೇಟ್ಟನ್ ಬಿಗಿದ ಜಾಗದ ಸುತ್ತ ಬೆರಳಾಡಿಸಿ ಬೆರಳನ್ನು ಬೆಳಕಿಗೆ ಹಿಡಿದರು. ಒಣಗಿತ್ತು. ಮತ್ತೊಂದು ಸುತ್ತು ಆಡಿಸಿದರು. ಭಟ್ರು ಮೇಲೆ ಹೋಗೋಣ ಎಂದರು. ನೀವು ಹೋಗಿ, ನಾನು ಸ್ವಲ್ಪ ಹೊತ್ತು ಇಲ್ಲಿರುತ್ತೇನೆ ಎಂದರು ಚೇಟ್ಟನ್.

ನಾವು ಮೇಲೆ ಬಂದು ಕಾದೆವು. ಫೆರಿಯೊಂದು ಹಾದುಹೋಯಿತು, ಅದರ ಅಲೆಗೆ ದೋಣಿ ತೂಗಿತು. ಭಟ್ರು ಗಡಿಯಾರ ನೋಡಿಕೊಳ್ಳಲಿಲ್ಲ, ಕರೆಯಲೂ ಇಲ್ಲ. ಬಹಳ ಹೊತ್ತಿನ ಮೇಲೆ ಚೇಟ್ಟನ್ ಮೆಟ್ಟಿಲು ಹತ್ತಿ ಬಂದರು. ಕಣ್ಣು ಕೆಂಪಾಗಿತ್ತು. ಲಂಗರಿನ ಹಗ್ಗ ಬಿಚ್ಚಿ ಖಲಾಸಿಯ ಕೈಗೆ ಕೊಟ್ಟು, ಹಾಯಿ ಏರಿಸಲು ಹೇಳಿದರು.

"ಯಂತ್ರ ಹಚ್ಚು, ಮೋಳೇ," ಎಂದರು. "ಎಷ್ಟು ಮಾರು ಇದೆ, ನೋಡೋಣ."